ಯೂತ್ ಗ್ರೂಪಿನಿಂದ ಬಂದ ಕಾದಂಬರಿ: ಮಗಳು ಓದಬಹುದೇ, ತಾಯಿ ಏನನ್ನು ಗಮನಿಸಬೇಕು?

ಪ್ರಶ್ನೆ: ನಾವು ಧಾರವಾಡದ ಕಡೆಯವರು. ಹದಿನಾಲ್ಕು ವರ್ಷಗಳಿಂದ ಅಮೆರಿಕದ ಟೆಕ್ಸಸ್‌ನಲ್ಲಿ ಡಲ್ಲಾಸ್ ಬಳಿ ಇದ್ದೇವೆ. ನಮ್ಮ 16 ವರ್ಷದ ಮಗಳಿಗೆ ಇಲ್ಲಿಯ ಚರ್ಚಿನ ಯೂತ್ ಗ್ರೂಪಿನವರು ಒಂದು ಕ್ರೈಸ್ತ ಕಾದಂಬರಿಯನ್ನು ಓದಲು ಕೊಟ್ಟಿದ್ದಾರೆ. ಚರ್ಚಿನ ಹುಡುಗನೊಬ್ಬನ ಹಿಡಿತಕ್ಕೆ ಸಿಕ್ಕಿಬೀಳುವ ಹುಡುಗಿಯ ಕಥೆಯಂತೆ. ನಮ್ಮ ಮನೆಯಲ್ಲಿ ಡೇಟಿಂಗ್‌ಗೆ ಒಪ್ಪಿಗೆಯಿಲ್ಲ. ಇಂಥ ಪುಸ್ತಕ ಓದಲು ಬಿಟ್ಟರೆ ಒಪ್ಪಿಗೆ ಕೊಟ್ಟಂತಾಗುವುದಿಲ್ಲವೇ? ಇದಕ್ಕೆಲ್ಲ ಸತ್ಯವೇದ (ಬೈಬಲ್) ಸಾಲದೇ? ಓದಲಿ ಎನ್ನುವುದಾದರೆ ನಾನು ಏನನ್ನು ಗಮನಿಸಬೇಕು? 13 ವರ್ಷದ ಮಗನಿಗೂ ಕೊಡಬಹುದೇ?

ಉತ್ತರ: ಓದಲಿ, ಬಿಡಿ. ಆದರೆ ನೀವೂ ಓದಿ, ಮತ್ತು ಓದುವಾಗ ತಂದೆತಾಯಂದಿರು ಸಾಮಾನ್ಯವಾಗಿ ಹುಡುಕುವುದನ್ನು ಹುಡುಕಲು ಹೋಗಬೇಡಿ. ಮಕ್ಕಳ ಕೈಗೆ ಬಂದ ಪುಸ್ತಕವನ್ನು ಸರಸರನೆ ತಿರುವಿ, ಮುತ್ತಿನ ಪ್ರಸಂಗವಿದೆಯೇ, ಕೆಟ್ಟ ಮಾತುಗಳಿವೆಯೇ, ಕುಡಿತವಿದೆಯೇ ಎಂದು ನೋಡಿ, ಯಾವುದೂ ಇಲ್ಲವೆಂದು ಖಾತ್ರಿಯಾದ ಮೇಲೆ ನೆಮ್ಮದಿಯಿಂದ ಹಿಂದಿರುಗಿಸುವ ಪೋಷಕರನ್ನು ನಾನು ಬಹಳ ಕಂಡಿದ್ದೇನೆ. ಆ ಪರೀಕ್ಷೆಯಲ್ಲಿ ಪಾಸಾದ ಪುಸ್ತಕದಲ್ಲಿಯೇ, ಹುಡುಗಿಯ ಫೋನನ್ನು ಕೇಳದೆ ತೆಗೆದು ನೋಡುವ, ಅವಳ ಗೆಳತಿಯರನ್ನು ಒಬ್ಬೊಬ್ಬರಾಗಿ ದೂರ ಮಾಡುವ ಹುಡುಗನು ಕೊನೆಯ ಪುಟದವರೆಗೂ ನಾಯಕನಾಗಿ ಮೆರೆಯುತ್ತಿರಬಹುದು. ನೀವು ನೋಡಬೇಕಾದ್ದು ಮುಖ್ಯವಾಗಿ ಒಂದು ವಿಷಯ: ಕಥೆಯೊಳಗೆ ಹುಡುಗಿ ‘ಬೇಡ’ ಎಂದಾಗ ಏನಾಗುತ್ತದೆ, ಮತ್ತು ಆ ಮಾತಿಗೆ ಬೆಲೆ ಸಿಗದಿದ್ದಾಗ ಅವಳು ಯಾರ ಬಳಿಗೆ ಹೋಗುತ್ತಾಳೆ ಎಂಬುದು.

ಈ ಬಗೆಯ ಕಾದಂಬರಿಗಳು ಎಲ್ಲಿಂದ ಬಂದವು ಎಂಬುದು ಸ್ವಲ್ಪ ತಿಳಿದಿದ್ದರೆ ನನ್ನ ಮಾತಿನ ಹಿನ್ನೆಲೆ ಸ್ಪಷ್ಟವಾಗುತ್ತದೆ. ಅಮೆರಿಕದಲ್ಲಿ ಕ್ರೈಸ್ತ ಪ್ರಕಾಶನವೆಂಬುದು ತನ್ನದೇ ಅಂಗಡಿ, ತನ್ನದೇ ಓದುಗರು, ತನ್ನದೇ ಕಟ್ಟುಪಾಡುಗಳಿರುವ ದೊಡ್ಡ ಉದ್ಯಮ. ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಝಾಂಡರ್ವನ್, ನ್ಯಾಶ್‌ವಿಲ್‌ನ ಥಾಮಸ್ ನೆಲ್ಸನ್, ಇಲಿನಾಯ್ ರಾಜ್ಯದ ಟಿಂಡೇಲ್ ಮೊದಲಾದ ಸಂಸ್ಥೆಗಳು ಬೈಬಲ್ಲುಗಳ ಜೊತೆಗೆ ಕಾದಂಬರಿಗಳನ್ನೂ ಪ್ರಕಟಿಸುತ್ತವೆ. ಈ ವಲಯದಲ್ಲಿ ಬಹುಕಾಲ ‘ಶುದ್ಧ’ ಕಾದಂಬರಿಯೆಂದರೆ ಅದರಲ್ಲಿ ಏನೇನು ಇರಬಾರದು ಎಂಬುದರ ಲೆಕ್ಕವೇ ಆಗಿತ್ತು: ಬೈಗುಳವಿರಬಾರದು, ಮಲಗುವ ಕೋಣೆಯ ವರ್ಣನೆಯಿರಬಾರದು, ಮುಖ್ಯಪಾತ್ರಗಳ ವಿಶ್ವಾಸವು ಕಥೆಯ ಕೊನೆಗೆ ಕುಂದಿರಬಾರದು. ಒಬ್ಬರ ಮೇಲೊಬ್ಬರು ನಡೆಸುವ ದಬ್ಬಾಳಿಕೆಯನ್ನು ಅಳೆಯುವ ಕೋಲು ಆ ಲೆಕ್ಕದಲ್ಲಿ ಇರಲಿಲ್ಲ.

1990ರ ದಶಕದಲ್ಲಿ ಇದರ ಮೇಲೆ ಇನ್ನೊಂದು ಪದರ ಕೂಡಿತು. 1993ರಲ್ಲಿ ಸದರ್ನ್ ಬ್ಯಾಪ್ಟಿಸ್ಟರು ಎಂಬ ಅಮೆರಿಕದ ದೊಡ್ಡ ಪ್ರಾಟೆಸ್ಟೆಂಟ್ ಪಂಗಡದವರು ‘ಟ್ರೂ ಲವ್ ವೇಟ್ಸ್’ ಎಂಬ ಚಳವಳಿಯನ್ನು ಆರಂಭಿಸಿದರು. ಮದುವೆಯವರೆಗೆ ಪರಿಶುದ್ಧರಾಗಿರುತ್ತೇವೆಂದು ಹದಿಹರೆಯದವರು ಸಹಿ ಮಾಡಿದ ಎರಡು ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು 1994ರ ಜುಲೈನಲ್ಲಿ ವಾಷಿಂಗ್ಟನ್‌ನ ನ್ಯಾಷನಲ್ ಮಾಲ್‌ನ ಹುಲ್ಲುಹಾಸಿನ ಮೇಲೆ ಸಾಲಾಗಿ ನೆಟ್ಟರು. 1997ರಲ್ಲಿ ಜೋಶುವಾ ಹ್ಯಾರಿಸ್ ಎಂಬ ಯುವಕನ ‘ಐ ಕಿಸ್ಡ್ ಡೇಟಿಂಗ್ ಗುಡ್‌ಬೈ’ ಹೊರಬಂದು, ಡೇಟಿಂಗ್ ಎಂಬುದನ್ನೇ ಕೈಬಿಡಿ ಎಂದು ಒಂದು ಇಡೀ ತಲೆಮಾರಿಗೆ ಹೇಳಿತು. 2018ರಲ್ಲಿ ಅದೇ ಲೇಖಕರು ತಮ್ಮ ಪುಸ್ತಕದಿಂದ ನೊಂದವರ ಮಾತುಗಳನ್ನು ಕೇಳಿಸಿಕೊಂಡ ಬಳಿಕ ಅದರ ಮುದ್ರಣವನ್ನು ನಿಲ್ಲಿಸಲು ಒಪ್ಪಿದರು. ಮದುವೆಯವರೆಗೆ ಕಾಯುವುದು ಸರಿಯೋ ಅಲ್ಲವೋ ಎಂಬುದು ನಿಮ್ಮ ಮನೆಯ ಮತ್ತು ನಿಮ್ಮ ವಿಶ್ವಾಸದ ವಿಷಯ, ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಆ ಕಾಲದ ಕಥೆಗಳಲ್ಲಿ ಅಪಾಯವೆಂದರೆ ದೇಹವೊಂದೇ ಎಂಬಂತಾಯಿತು. ಕೈ ಮುಂದೆ ಚಾಚಿದವನು ಕೆಟ್ಟವನು, ಪ್ರಾರ್ಥನೆ ಮಾಡುವವನು ಒಳ್ಳೆಯವನು. ಪ್ರಾರ್ಥನೆ ಮಾಡುತ್ತಲೇ ಹುಡುಗಿಯ ಉಸಿರು ಕಟ್ಟಿಸುವವನನ್ನು ಗುರುತಿಸುವ ಕಣ್ಣನ್ನು ಆ ಕಥೆಗಳು ಕೊಡಲಿಲ್ಲ. ಅಷ್ಟೇ ಅಲ್ಲ, ಬಲವಂತಕ್ಕೆ ಒಳಗಾದ ಹುಡುಗಿಯೂ ತಾನು ಕಾರ್ಡಿಗೆ ಹಾಕಿದ ಸಹಿಯನ್ನು ಮುರಿದೆನೆಂದೇ ಭಾವಿಸಿ ಬಾಯಿ ಮುಚ್ಚಿಕೊಳ್ಳುವ ಪರಿಸ್ಥಿತಿ ಬಂತು.

ನಿಮ್ಮ ಮಗಳಿಗೆ ಸಿಕ್ಕಿರುವ ಪುಸ್ತಕವು ಈ ಕೊರತೆಯನ್ನು ತುಂಬಿಕೊಡಲು ಹೊರಟ ಈಚಿನ ಬಗೆಯದು ಎಂದು ನೀವು ಬರೆದಿರುವುದರಿಂದ ತೋರುತ್ತದೆ. ಇದರ ಅಗತ್ಯದ ಬಗ್ಗೆ ಅನುಮಾನ ಬೇಡ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2019ರಲ್ಲಿ ನಡೆಸಿದ ಸಮೀಕ್ಷೆಯಂತೆ, ಡೇಟಿಂಗ್ ಮಾಡಿದ ಹೈಸ್ಕೂಲು ವಿದ್ಯಾರ್ಥಿಗಳಲ್ಲಿ ಸುಮಾರು 12 ಮಂದಿಗೆ ಒಬ್ಬರು ಸಂಗಾತಿಯಿಂದ ದೈಹಿಕ ಹಿಂಸೆಯನ್ನು ಅನುಭವಿಸಿದ್ದರು; ಲೈಂಗಿಕ ಹಿಂಸೆಯ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಹೊಡೆತದವರೆಗೆ ಹೋಗದ ಹಿಡಿತ ಈ ಲೆಕ್ಕಕ್ಕೆ ಸೇರಿಲ್ಲ.

ಎಚ್ಚರಿಕೆಯ ಚಿಹ್ನೆಗಳನ್ನು ಪಟ್ಟಿಮಾಡಿದ ಕರಪತ್ರಗಳು ಶಾಲೆಯಲ್ಲಿ ಸಿಗುತ್ತವೆ. ಹಾಗಿರುವಾಗ ಕಾದಂಬರಿ ಯಾಕೆ ಬೇಕು ಎಂದು ನೀವು ಕೇಳಬಹುದು. ಕರಪತ್ರದಲ್ಲಿ ‘ಅತಿಯಾದ ಅಸೂಯೆ’ ಎಂದು ಓದಿದ ಹುಡುಗಿ, ನನ್ನವನು ಹಾಗಲ್ಲ ಎಂದು ಅದನ್ನು ಮಡಚಿಡುತ್ತಾಳೆ, ಏಕೆಂದರೆ ತನ್ನ ಅನುಭವದಲ್ಲಿ ಅದು ಅಸೂಯೆಯ ರೂಪದಲ್ಲಿ ಬಂದೇ ಇರುವುದಿಲ್ಲ, ಕಾಳಜಿಯ ರೂಪದಲ್ಲಿ ಬಂದಿರುತ್ತದೆ. ಒಳ್ಳೆಯ ಕಾದಂಬರಿ ಹುಡುಗಿಯ ಬಾಯಿಂದಲೇ ಕಥೆ ಹೇಳಿಸಿ, ಮೊದಲ ಏಳೆಂಟು ಅಧ್ಯಾಯಗಳಲ್ಲಿ ಓದುವವಳನ್ನೂ ಆ ಹುಡುಗನ ಕಡೆಗೆ ಒಲಿಸಿಕೊಂಡುಬಿಡುತ್ತದೆ. ಅವನ ಪ್ರತಿ ತಪ್ಪಿಗೂ ನಾಯಕಿ ಕೊಡುವ ಸಮಜಾಯಿಷಿಯನ್ನು ಓದುವವಳೂ ಒಪ್ಪಿಕೊಂಡು ಬಂದಿರುತ್ತಾಳೆ. ಕಣ್ಣು ತೆರೆಯುವ ಹೊತ್ತಿಗೆ, ನಾನೂ ಇದನ್ನೆಲ್ಲ ಸರಿಯೆಂದು ಓದಿದೆನಲ್ಲ ಎಂಬ ಕಸಿವಿಸಿ ಅವಳಿಗೆ ಉಳಿಯುತ್ತದೆ. ಪಟ್ಟಿಯೊಂದರಿಂದ ಈ ಕಸಿವಿಸಿ ಹುಟ್ಟುವುದಿಲ್ಲ.

ಉದಾಹರಣೆಗೆ ನಾನೇ ಕಟ್ಟಿದ ಒಂದು ದೃಶ್ಯವನ್ನು ನೋಡಿ. ಬುಧವಾರ ಸಂಜೆ ಚರ್ಚಿನಲ್ಲಿ ಗಾಯನವೃಂದದ ಅಭ್ಯಾಸ. ಹುಡುಗಿ ಫೋನನ್ನು ಸೈಲೆಂಟ್ ಮಾಡಿ ಚೀಲದಲ್ಲಿಟ್ಟಿದ್ದಾಳೆ. ಒಂದೂವರೆ ಗಂಟೆಯ ಬಳಿಕ ತೆಗೆದು ನೋಡಿದರೆ ಅವನಿಂದ 17 ಸಂದೇಶಗಳು. ಮೊದಲನೆಯದು ‘ಹೇಗೆ ನಡೀತಿದೆ?’ ಎಂದು, ಐದನೆಯದು ‘ಯಾಕೆ ಉತ್ತರ ಇಲ್ಲ?’ ಎಂದು, ಹನ್ನೊಂದನೆಯದು ‘ಆ ಗಿಟಾರ್ ಹುಡುಗ ಇವತ್ತು ಬಂದಿದ್ದಾನಾ?’ ಎಂದು; ಹದಿನೇಳನೆಯದು ‘ಪರವಾಗಿಲ್ಲ. ನಿನಗೋಸ್ಕರ ಪ್ರಾರ್ಥನೆ ಮಾಡ್ತಾ ಇದ್ದೆ, ಅಷ್ಟೇ’ ಎಂದು. ಹೊರಗೆ ಬಂದರೆ ಪಾರ್ಕಿಂಗ್‌ನಲ್ಲಿ ಅವನ ಕಾರು ನಿಂತಿದೆ. ಬರುತ್ತೇನೆಂದು ಅವನು ಹೇಳಿರಲಿಲ್ಲ. ಅವಳು ಗೆಳತಿಯ ಕಾರಿನಲ್ಲಿ ಹೋಗುವುದೆಂದು ಮೊದಲೇ ಮಾತಾಗಿತ್ತು. ‘ಇಷ್ಟು ದೂರ ನಿನಗೋಸ್ಕರ ಬಂದಿದ್ದೇನೆ’ ಎನ್ನುತ್ತಾನೆ. ಗೆಳತಿ ಒಂದು ಕ್ಷಣ ಕಾದು, ಕೈಬೀಸಿ ಹೊರಟುಹೋಗುತ್ತಾಳೆ. ಈ ದೃಶ್ಯದಲ್ಲಿ ಮುತ್ತಿಲ್ಲ, ಬೈಗುಳವಿಲ್ಲ, ಏರುದನಿಯೂ ಇಲ್ಲ. ಅಂಗಡಿಯ ‘ಶುದ್ಧ’ ಲೆಕ್ಕದಲ್ಲಿ ಇದಕ್ಕೆ ಪೂರ್ಣ ಅಂಕ. ಆದರೆ ಕಾವಲು, ಸಂಶಯ, ಗೆಳತಿಯಿಂದ ಬೇರ್ಪಡಿಸುವುದು, ಋಣದ ಭಾರ ಹೊರಿಸುವುದು, ಪ್ರಾರ್ಥನೆಯನ್ನೇ ಹಗ್ಗವಾಗಿ ಬಳಸುವುದು, ಎಲ್ಲವೂ ಇದರೊಳಗೆ ಆಗಿಹೋಗಿವೆ. ಮಿನೆಸೋಟದ ಡುಲೂತ್ ನಗರದಲ್ಲಿ ಹಿಂಸೆಗೊಳಗಾದ ಹೆಂಗಸರ ಅನುಭವಗಳನ್ನು ಆಧರಿಸಿ 1984ರಲ್ಲಿ ರಚಿಸಿದ ‘ಅಧಿಕಾರ ಮತ್ತು ಹಿಡಿತದ ಚಕ್ರ’ದ ಚಿತ್ರವನ್ನು ಆಪ್ತಸಮಾಲೋಚಕರು ಇಂದಿಗೂ ಬಳಸುತ್ತಾರೆ. ಅದರಲ್ಲಿ ದೈಹಿಕ ಹಿಂಸೆಯಿರುವುದು ಚಕ್ರದ ಹೊರಪಟ್ಟಿಯಲ್ಲಿ. ಒಳಗಿನ ಕಡ್ಡಿಗಳೆಲ್ಲ ಒಂಟಿಯಾಗಿಸುವುದು, ಬೆದರಿಸುವುದು, ತಪ್ಪನ್ನು ಅವಳ ಮೇಲೆಯೇ ಹೊರಿಸುವುದು ಮುಂತಾದವು. ನಿಮ್ಮ ಕೈಯಲ್ಲಿರುವ ಪುಸ್ತಕ ಆ ಒಳಗಿನ ಕಡ್ಡಿಗಳನ್ನು ತೋರಿಸುತ್ತದೆಯೋ ಅಥವಾ ಅವನು ಕೈ ಎತ್ತಿದ ಮೇಲಷ್ಟೇ ಎಚ್ಚೆತ್ತುಕೊಳ್ಳುತ್ತದೆಯೋ ಎಂಬುದನ್ನು ನೋಡಿ.

ಕ್ರೈಸ್ತ ಕಾದಂಬರಿಗೆ ಉಳಿದವುಗಳಿಗಿಲ್ಲದ ಒಂದು ಹೊಣೆಯಿದೆ, ಏಕೆಂದರೆ ಅದರಲ್ಲಿ ಹುಡುಗನ ಬತ್ತಳಿಕೆಯಲ್ಲಿ ಬೈಬಲ್ಲಿನ ವಾಕ್ಯಗಳೂ ಇರುತ್ತವೆ. ಏಳೆಪ್ಪತ್ತು ಸಾರಿ ಕ್ಷಮಿಸಬೇಕೆಂದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿದೆಯಲ್ಲ ಎಂದು ಅವನು ಪ್ರತಿ ಸಲವೂ ನೆನಪಿಸುತ್ತಾನೆ. ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯವನ್ನು ಎತ್ತಿಕೊಂಡು ಹೆಣ್ಣು ಅಧೀನಳಾಗಿರಬೇಕು ಎನ್ನುತ್ತಾನೆ. ಆ ಮಾತು ಗಂಡಹೆಂಡಿರಿಗೆ ಹೇಳಿದ್ದು, ಹನ್ನೊಂದನೆಯ ತರಗತಿಯ ಹುಡುಗ ಹುಡುಗಿಗೆ ಹೇಳಿದ್ದಲ್ಲ ಎಂಬುದನ್ನೂ, ಅದರ ಹಿಂದಿನ ವಚನವೇ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಎನ್ನುತ್ತದೆ ಎಂಬುದನ್ನೂ ಮರೆಮಾಡುತ್ತಾನೆ. ಎಲ್ಲಕ್ಕಿಂತ ಬಿಗಿಯಾದ ಕುಣಿಕೆಯೆಂದರೆ ‘ನೀನೇ ನನ್ನವಳೆಂದು ದೇವರು ನನಗೆ ತೋರಿಸಿದ್ದಾನೆ’ ಎಂಬ ಮಾತು. ಅವನನ್ನು ಬೇಡವೆಂದರೆ ದೇವರನ್ನೇ ಬೇಡವೆಂದಂತೆ. ಇಂಥ ಮಾತನ್ನು ಕಥೆಯಲ್ಲಿ ಯಾರಾದರೂ ಒಬ್ಬ ಹಿರಿಯರು, ಅದು ಅಜ್ಜಿಯೇ ಆಗಲಿ, ಪಾಸ್ಟರೇ ಆಗಲಿ, ಎದುರಿಗೆ ನಿಂತು ಅಲ್ಲಗಳೆಯುತ್ತಾರೆಯೇ ನೋಡಿ. ಯಾರೂ ಅಲ್ಲಗಳೆಯದ ಪುಸ್ತಕವನ್ನು ನಾನು ಹದಿಹರೆಯದವರ ಕೈಗೆ ಕೊಡುವುದಿಲ್ಲ.

ಸತ್ಯವೇದ ಸಾಲದೇ ಎಂದು ಕೇಳಿದ್ದೀರಿ. ಸಾಲುತ್ತದೆ, ಆದರೆ ಇದಕ್ಕೆ ಬೇಕಾದ ಅಧ್ಯಾಯಗಳನ್ನು ನಾವು ಸಂಡೇ ಸ್ಕೂಲಿನಲ್ಲಿ ಓದಿಸುವುದಿಲ್ಲ. ಎರಡನೆಯ ಸಮುವೇಲನ 13ನೆಯ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ದಾವೀದನ ಮಗನಾದ ಅಮ್ನೋನನು ತನ್ನ ಮಲತಂಗಿ ತಾಮಾರಳ ಮೇಲಿನ ‘ಪ್ರೀತಿ’ಯಿಂದ ಕಾಯಿಲೆ ಬೀಳುತ್ತಾನೆ. ಯೋನಾದಾಬನೆಂಬ ಜಾಣ ಗೆಳೆಯ ಉಪಾಯ ಹೇಳಿಕೊಡುತ್ತಾನೆ: ಹಾಸಿಗೆ ಹಿಡಿದವನಂತೆ ನಟಿಸು, ಅವಳೇ ಬಂದು ಅಡಿಗೆ ಮಾಡಿಕೊಡಲಿ ಎಂದು ಕೇಳು. ಅವಳ ದಯೆಯನ್ನೇ ಬಲೆಯಾಗಿ ಹೆಣೆಯುತ್ತಾರೆ. ಅವಳು ‘ಬೇಡ’ ಎನ್ನುತ್ತಾಳೆ, ಕಾರಣವನ್ನೂ ವಿವರಿಸುತ್ತಾಳೆ, ಅವನು ಕಿವಿಗೊಡುವುದಿಲ್ಲ. ಆಮೇಲೆ ಅವನ ಪ್ರೀತಿಗಿಂತ ದ್ವೇಷವೇ ಹೆಚ್ಚಾಯಿತೆಂದೂ, ಅವಳನ್ನು ಹೊರಗೆ ಹಾಕಿ ಕದಕ್ಕೆ ಅಗಳಿ ಹಾಕಿಸಿದನೆಂದೂ ಗ್ರಂಥ ಹೇಳುತ್ತದೆ. ಅಣ್ಣ ಅಬ್ಷಾಲೋಮನು ಅವಳಿಗೆ ಸುಮ್ಮನಿರು, ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎನ್ನುತ್ತಾನೆ. ತಂದೆ ದಾವೀದನಿಗೆ ಬಹಳ ಸಿಟ್ಟು ಬಂತು. ಸಿಟ್ಟು ಬಂದದ್ದನ್ನು ಬಿಟ್ಟರೆ ಅವನು ಏನು ಮಾಡಿದನೆಂದು ಅಲ್ಲಿ ಬರೆದಿಲ್ಲ. ಪ್ರೀತಿಯ ಹೆಸರಿನ ಹಟ, ಉಪಾಯ ಹೇಳಿಕೊಡುವ ಗೆಳೆಯ, ಬಾಯಿ ಮುಚ್ಚಿಸುವ ಮನೆಯವರು, ಕೈಕಟ್ಟಿ ಕೂರುವ ಹಿರಿಯ ಎಲ್ಲರೂ ಆ ಒಂದು ಅಧ್ಯಾಯದಲ್ಲಿದ್ದಾರೆ. ಸಂಕೋಚಪಡದ ಕಾದಂಬರಿಗಾರರು ಈ ಅಧ್ಯಾಯದ ಬಳಿಗೆ ಹೋಗುತ್ತಾರೆ. ಸಂಕೋಚಪಡುವವರು 1 ಕೊರಿಂಥ 13ನ್ನು ಗೋಡೆಗೆ ತೂಗುಹಾಕಿ ನಿಲ್ಲುತ್ತಾರೆ. ಪ್ರೀತಿ ಎಲ್ಲವನ್ನೂ ಸಹಿಸಿಕೊಳ್ಳುತ್ತದೆ ಎಂಬ ಮಾತನ್ನಷ್ಟೇ ಹಿಡಿದು, ಪ್ರೀತಿ ಹೊಟ್ಟೆಕಿಚ್ಚುಪಡುವುದಿಲ್ಲ, ಸ್ವಪ್ರಯೋಜನವನ್ನು ಹುಡುಕುವುದಿಲ್ಲ ಎಂಬ ಹಿಂದಿನ ಮಾತುಗಳನ್ನು ಬಿಟ್ಟುಬಿಡುವುದು ಬಹಳ ಸುಲಭ.

ಕಥೆಯ ಕೊನೆಯ ಬಗ್ಗೆ ಸ್ವಲ್ಪ ಹೆಚ್ಚು ಎಚ್ಚರವಿರಲಿ, ಏಕೆಂದರೆ ಒಳ್ಳೆಯದಾಗಿ ಆರಂಭವಾದ ಪುಸ್ತಕಗಳೂ ಎಡವುವುದು ಅಲ್ಲಿಯೇ. ಹಿಂಸೆ ಕೊಟ್ಟ ಹುಡುಗ ಬೇಸಿಗೆ ಶಿಬಿರದಲ್ಲಿ ಕಣ್ಣೀರಿಟ್ಟು ಪಶ್ಚಾತ್ತಾಪಪಡುತ್ತಾನೆ, ಅವಳು ಮರಳಿ ಅವನ ಕೈ ಹಿಡಿಯುತ್ತಾಳೆ ಎಂಬುದು ಒಂದು ಬಗೆ. ಕ್ಷಮಿಸುವುದು ಬೇರೆ, ಮತ್ತೆ ಅವನ ಕಾರಿನಲ್ಲಿ ಕೂರುವುದು ಬೇರೆ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಪುಸ್ತಕವು ತಾನು ಬಿಡಿಸಲು ಹೊರಟ ಹುಡುಗಿಯನ್ನೇ ಮತ್ತೆ ಕಟ್ಟಿಹಾಕುತ್ತದೆ. ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿಯೇ ವಿವರಿಸಿದ ಚಕ್ರದಲ್ಲಿ ಬಿಗುವು, ಸ್ಫೋಟ, ಆಮೇಲೆ ಕಣ್ಣೀರು ಮತ್ತು ಕಾಣಿಕೆಗಳ ಸಮಾಧಾನದ ಘಟ್ಟ ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ಆ ಮೂರನೆಯ ಘಟ್ಟವನ್ನು ‘ಮನಪರಿವರ್ತನೆ’ ಎಂದು ತಪ್ಪಾಗಿ ಓದುವ ಕಾದಂಬರಿ ಅಪಾಯಕಾರಿ. ಇನ್ನೊಂದು ಬಗೆಯಲ್ಲಿ ಕೊನೆಯ ಅಧ್ಯಾಯಕ್ಕೆ ಸರಿಯಾಗಿ ಒಬ್ಬ ಒಳ್ಳೆಯ ಹುಡುಗ ಪ್ರತ್ಯಕ್ಷನಾಗಿ ಎಲ್ಲವನ್ನೂ ಸರಿಪಡಿಸುತ್ತಾನೆ. ಇದರಿಂದ ಅಷ್ಟು ಹಾನಿಯಿಲ್ಲ, ಆದರೆ ಸೋಮಾರಿತನ.

ಈಗ ನಿಮ್ಮ ಮೊದಲ ಆತಂಕಕ್ಕೆ ಬರುತ್ತೇನೆ. ಡೇಟಿಂಗ್‌ಗೆ ಒಪ್ಪಿಗೆಯಿಲ್ಲದ ಮನೆಯಲ್ಲಿ ಇದನ್ನು ಓದಿಸಿದರೆ ಒಪ್ಪಿಗೆ ಕೊಟ್ಟಂತೆಯೇ? ಹಾಗೆ ಆಗುವುದಿಲ್ಲ, ನಿಮ್ಮ ನಿಯಮ ಏನೆಂಬುದು 16 ವರ್ಷದ ಮಗಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಆ ನಿಯಮಕ್ಕೊಂದು ಅಡ್ಡಪರಿಣಾಮವಿದೆ. ಅಮೆರಿಕದ ಶಾಲೆಗಳಲ್ಲಿ ಕಲಿಯುವ ನಮ್ಮ ಕಡೆಯ ಮಕ್ಕಳ ಮಟ್ಟಿಗೆ ನಾನು ಅದನ್ನು ಹಲವು ಬಾರಿ ಕಂಡಿದ್ದೇನೆ. ಗುಟ್ಟಾಗಿ ಒಬ್ಬನೊಂದಿಗೆ ಸ್ನೇಹ ಬೆಳೆಸಿದ ಹುಡುಗಿಗೆ ಅವನು ಹಾಕುವ ಮೊದಲ ಬೆದರಿಕೆಯೇ ‘ನಿಮ್ಮ ಅಮ್ಮನಿಗೆ ಹೇಳಿಬಿಡುತ್ತೇನೆ’ ಎಂಬುದು. ಅಲ್ಲಿಗೆ ನಿಮ್ಮ ಸಿಟ್ಟು ಅವನ ಆಯುಧವಾಯಿತು. ನಿಯಮವನ್ನು ಸಡಿಲಿಸಿರೆಂದು ನಾನು ಹೇಳುತ್ತಿಲ್ಲ. ‘ನಮ್ಮ ಮನೆಯಲ್ಲಿ ಇದು ಸಲ್ಲದು; ಆದರೆ ಯಾವತ್ತಾದರೂ ಯಾರಾದರೂ ನಿನ್ನನ್ನು ಹೆದರಿಸಿದರೆ, ನೀನು ನಿಯಮ ಮುರಿದಿದ್ದರೂ, ಮೊದಲು ನನ್ನ ಹತ್ತಿರ ಬಾ. ಬೈಯುವುದಿದ್ದರೆ ಆಮೇಲೆ ನೋಡೋಣ’ ಎಂದು ಮಗಳಿಗೆ ಬಾಯಿಬಿಟ್ಟು ಹೇಳಿ. ಮಕ್ಕಳು ಇಂಥದ್ದನ್ನು ಊಹಿಸಿಕೊಳ್ಳುವುದಿಲ್ಲ. ಈ ಮಾತಿಗೆ ಪುಸ್ತಕವೊಂದು ಒಳ್ಳೆಯ ನೆಪ.

ಓದಿದ ಮೇಲೆ ಪರೀಕ್ಷೆಯಂತೆ ಪ್ರಶ್ನೆ ಕೇಳಬೇಡಿ. ಕಾರಿನಲ್ಲಿ ಹೋಗುವಾಗ, ಇಬ್ಬರೂ ರಸ್ತೆಯ ಕಡೆಗೆ ನೋಡುತ್ತಿರುವಾಗ ಮಾತು ಸಲೀಸು. ನಾಯಕಿಯ ಬಗ್ಗೆ ಕೇಳಿದರೆ ಅದು ತನ್ನ ಬಗ್ಗೆಯೇ ಎಂದು ಅವಳು ಮುದುಡಿಕೊಳ್ಳಬಹುದು. ಕಥೆಯಲ್ಲಿನ ಗೆಳತಿಯ ಬಗ್ಗೆ ಕೇಳಿ. ನಾನು ಕಟ್ಟಿದ ದೃಶ್ಯದಲ್ಲಿ ಪಾರ್ಕಿಂಗ್‌ನಿಂದ ಕೈಬೀಸಿ ಹೊರಟುಹೋದಳಲ್ಲ, ಅಂಥವಳು ಏನು ಮಾಡಬಹುದಿತ್ತು? ನನ್ನ ಓದುವ ಗುಂಪಿಗೆ ಬರುತ್ತಿದ್ದ ಹುಡುಗಿಯೊಬ್ಬಳು ತನಗೆ ಬಹಳ ರೊಮ್ಯಾಂಟಿಕ್ ಎನಿಸಿದ ಸಾಲುಗಳಿಗೆ ಹಳದಿ ಹೈಲೈಟರ್ ಹಚ್ಚಿಕೊಂಡು ಬಂದಿದ್ದಳು. ಅದರಲ್ಲಿ ‘ನೀನು ಎಲ್ಲಿದ್ದೀಯ ಎಂದು ಗೊತ್ತಾಗದೆ ನನಗೆ ನಿದ್ದೆ ಬರುವುದಿಲ್ಲ’ ಎಂಬ ಅರ್ಥದ ಸಾಲೂ ಇತ್ತು. ಇದೇ ಮಾತನ್ನು ಹಾಸ್ಟೆಲಿನ ವಾರ್ಡನ್ ಬಾಯಲ್ಲಿಟ್ಟು ಓದು ಎಂದೆ. ಅವಳು ಓದಿದಳು, ಎಲ್ಲರೂ ನಕ್ಕರು. ಅವಳು ಮಾತ್ರ ನಗು ನಿಲ್ಲಿಸಿ ಉಳಿದ ಹಳದಿ ಸಾಲುಗಳನ್ನು ಒಂದೊಂದಾಗಿ ಮತ್ತೆ ನೋಡತೊಡಗಿದಳು. ನಾನು ಮತ್ತೇನನ್ನೂ ಹೇಳಲಿಲ್ಲ.

ಒಂದು ವೇಳೆ ಇದು ಪುಸ್ತಕದ ಮಾತಷ್ಟೇ ಅಲ್ಲ ಎಂದು ನಿಮಗೆ ಕಂಡುಬಂದರೆ, ಮೊದಲು ಮಗಳ ಫೋನನ್ನು ಕಿತ್ತುಕೊಳ್ಳಬೇಡಿ. ಅದರಲ್ಲಿ ಸಾಕ್ಷ್ಯವೂ ಇದೆ, ಅವಳ ಗೆಳತಿಯರೂ ಇದ್ದಾರೆ. ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಿ. ನೀವು ಟೆಕ್ಸಸ್‌ನಲ್ಲಿರುವುದರಿಂದ ಒಂದು ಅನುಕೂಲವಿದೆ: ಪ್ರತಿಯೊಂದು ಶಾಲಾ ಜಿಲ್ಲೆಯೂ ಡೇಟಿಂಗ್ ಹಿಂಸೆಯ ಕುರಿತು ನೀತಿಯೊಂದನ್ನು ರೂಪಿಸಿ ಜಾರಿಯಲ್ಲಿಡಬೇಕೆಂದು ಆ ರಾಜ್ಯ 2007ರಲ್ಲಿಯೇ ಕಾನೂನು ಮಾಡಿದೆ. ಆದ್ದರಿಂದ ಶಾಲೆಯ ಕೌನ್ಸೆಲರ್ ಬಳಿ ಹೋಗಿ ಆ ನೀತಿಯ ಹೆಸರೆತ್ತಿಯೇ ಕೇಳಿ. ಹದಿಹರೆಯದವರಿಗೆಂದೇ ಇರುವ ‘ಲವ್ ಈಸ್ ರೆಸ್ಪೆಕ್ಟ್’ ಸಹಾಯವಾಣಿಯ ಸಂಖ್ಯೆ 1-866-331-9474. ಪೋಷಕರೂ ಕರೆ ಮಾಡಬಹುದು. ‘ನೀನು ಬಿಟ್ಟುಹೋದರೆ ನಾನು ಬದುಕುವುದಿಲ್ಲ’ ಎಂದು ಹುಡುಗ ಹೇಳುತ್ತಿದ್ದರೆ ಅದನ್ನು ನಾಟಕವೆಂದು ತಳ್ಳಿಹಾಕುವಂತೆಯೂ ಇಲ್ಲ, ನಿಮ್ಮ ಮಗಳು ಅವನ ಕಾವಲಿಗೆ ಕೂರುವಂತೆಯೂ ಇಲ್ಲ. ಅವನ ಮನೆಯವರಿಗೆ ತಿಳಿಸಿ, ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ, ಆ ಹೊರೆಯನ್ನು ದೊಡ್ಡವರು ಹೊತ್ತುಕೊಳ್ಳಬೇಕು. ಚರ್ಚಿನಲ್ಲಿ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ‘ರಾಜಿ’ ಮಾಡಿಸಲು ಯಾರಾದರೂ ಮುಂದಾದರೆ ವಿನಯದಿಂದ ಬೇಡವೆನ್ನಿ. ಹೆದರಿದವಳು ಹೆದರಿಸಿದವನ ಎದುರಿಗೆ ನಿಜ ಹೇಳುವುದಿಲ್ಲ. ಊರಿನಲ್ಲಿದ್ದುಕೊಂಡು ಇದನ್ನು ಓದುತ್ತಿರುವವರಿಗೆ: ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181. 18 ವರ್ಷದೊಳಗಿನವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ, ‘ಪ್ರೀತಿಸುತ್ತಿದ್ದರು’ ಎಂಬ ಕಾರಣಕ್ಕೆ ಅದು ತಪ್ಪುವುದಿಲ್ಲ.

ಮಗನ ವಿಷಯ. ಕೊಡಿ, ಖಂಡಿತ ಕೊಡಿ. ಇಂಥ ಪುಸ್ತಕಗಳನ್ನು ಹುಡುಗಿಯರಿಗಷ್ಟೇ ಓದಿಸುವುದು ಬೆಂಕಿಯಿಂದ ದೂರವಿರು ಎಂದು ಹೇಳಿ ಕಡ್ಡಿಪೆಟ್ಟಿಗೆ ಹಿಡಿದವನನ್ನು ಸುಮ್ಮನೆ ಬಿಟ್ಟಂತೆ. ಹುಡುಗರೂ ಸಿಕ್ಕಿಬೀಳುತ್ತಾರೆ ಎಂಬುದನ್ನೂ ಅವನು ತಿಳಿಯಲಿ. ನ್ಯಾಯಸ್ಥಾಪಕರು 16ರಲ್ಲಿ ದೆಲೀಲಳು ಸಂಸೋನನಿಗೆ, ನಿನ್ನ ಮನಸ್ಸು ನನ್ನ ಮೇಲಿಲ್ಲದಿರುವಾಗ ಪ್ರೀತಿಸುತ್ತೇನೆಂದು ಹೇಗೆ ಹೇಳುತ್ತೀ ಎಂದು ದಿನದಿನವೂ ಪೀಡಿಸಿ ಅವನ ಜೀವವೇ ಸಾಕಾಗಿಹೋಗುವಂತೆ ಮಾಡುತ್ತಾಳೆ. ಸಂಸೋನನ ಬಲವನ್ನು ಬಲ್ಲ ಹುಡುಗರಿಗೆ ಈ ವಚನ ಹೊಸದಾಗಿ ಕಾಣುತ್ತದೆ. 13 ವರ್ಷದವನಿಗೆ ಕಾದಂಬರಿಯ ಕೆಲವು ಅಧ್ಯಾಯಗಳು ಭಾರವೆನಿಸಬಹುದು; ಅವು ಯಾವುವೆಂದು ನಿಮಗಿಂತ ಚೆನ್ನಾಗಿ ಅವನ ಅಕ್ಕ ಹೇಳಬಲ್ಲಳು. ಅವಳು ಓದಿ ಮುಗಿಸಲಿ, ಪುಸ್ತಕವನ್ನು ಅವಳ ಕೈಯಿಂದಲೇ ಅವನಿಗೆ ಕೊಡಿಸಿ.